ಎರಡನೆಯ ಪ್ರಶ್ನೆ

ಕ್ರೈಸ್ತ ಸಭೆಯೊಂದರ ಹಿರಿಯ ಕಾನ್ರಾಡ್ ಗ್ಲಿಕ್‌ಗೆ ಕುದುರೆಯ ಮೇಲೆ ಕೂತೇ ನಿದ್ದೆ ಮಾಡುವುದು ಬರುತ್ತಿತ್ತು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಯುದ್ಧ ಮುಗಿದ ಮೇಲಿನ ಮೂರು ವರ್ಷದಲ್ಲಿ ಕಲಿತ ವಿದ್ಯೆ. ಷೆನಾಂಡೋವಾ ಕಣಿವೆಯ ಉದ್ದಕ್ಕೂ, ಬೆಟ್ಟ ದಾಟಿ ಆಚೆಯ ಎರಡು ಸೀಮೆಗಳಲ್ಲೂ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾವ ಊರಿನಲ್ಲಿ ಯಾರ ಬೇಲಿಯನ್ನು ಯಾರು ಕಿತ್ತಿದ್ದಾರೆ ಎಂಬುದು ಅವನಿಗಿಂತ ಚೆನ್ನಾಗಿ ಅವನ ಕಂದು ಕುದುರೆಗೆ ಗೊತ್ತಿತ್ತು. ಜಗಳವಿದ್ದ ಮನೆ ಬಂದರೆ ಅದು ತಾನಾಗಿ ನಿಲ್ಲುತ್ತಿತ್ತು. ಕಾನ್ರಾಡ್ ಇಳಿದು ಒಳಗೆ ಹೋಗಿ, ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಮತ್ತಾಯನ ಸುವಾರ್ತೆಯಲ್ಲಿ ಕ್ಷಮೆಯ ಮಾತು ಬರುವ ಹದಿನೆಂಟನೆಯ ಅಧ್ಯಾಯ ಓದಿ, ಆಮೇಲೆ ಗಂಟಲು ಸರಿಮಾಡಿಕೊಂಡು "ನನಗೂ ಒಬ್ಬ ಮಗನಿದ್ದ" ಎಂದು ಶುರುಮಾಡುತ್ತಿದ್ದ. ಕತೆ ಮುಗಿಯುವ ಹೊತ್ತಿಗೆ ಇಬ್ಬರೂ ಅಳುತ್ತಿದ್ದರು, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಮನೆಯೊಡತಿ ಬಡಿಸಿದ್ದನ್ನು ಉಂಡು ಹಿರಿಯ ಮುಂದಿನ ಮನೆಗೆ ಹೊರಡುತ್ತಿದ್ದ.

ಕತೆ ಇಷ್ಟು. ಯುದ್ಧದ ಎರಡನೆಯ ಚಳಿಗಾಲದಲ್ಲಿ ಸೈನ್ಯಕ್ಕೆ ಆಳು ಹಿಡಿಯುವವರು ಕಣಿವೆಗೆ ಬಂದರು. ಕೊಲ್ಲುವುದು ಸಭೆಯ ಕಟ್ಟಳೆಗೆ ಹೊರತು. ಕಾನ್ರಾಡನ ಒಬ್ಬನೇ ಮಗ ಎನೋಸ್ ಕೋವಿ ಮುಟ್ಟಲು ಒಪ್ಪದೆ, ಮನೆಯ ಹಿಂದೆ ಹಾಲು ಮಜ್ಜಿಗೆ ತಣ್ಣಗಿಡುವ ಒರತೆಮನೆಯ ಅಟ್ಟದಲ್ಲಿ ಅಡಗಿದ. ಪಕ್ಕದ ಹೊಲದ ಟೋಬಿಯಾಸ್ ಫ್ಲೋರಿಯ ಎದೆಗೆ ಪಿಸ್ತೂಲಿಟ್ಟು ಕೇಳಿದರು. ಆರು ಮಕ್ಕಳ ತಂದೆ ಟೋಬಿಯಾಸ್ ಬಾಯಿ ಬಿಡಲಿಲ್ಲ, ಒರತೆಮನೆಯ ಕಡೆ ಬೆರಳು ಮಾತ್ರ ಎತ್ತಿದ. ಎನೋಸನನ್ನು ಕರೆದೊಯ್ದರು. ಆರು ವಾರದ ಮೇಲೆ ಹುಡುಗ ದೂರದ ಸೆರೆಮನೆಯೊಂದರಲ್ಲಿ ಜ್ವರ ಬಂದು ಸತ್ತ. ಯುದ್ಧ ಮುಗಿದ ಮೊದಲ ಭಾನುವಾರ ಟೋಬಿಯಾಸ್ ತುಂಬಿದ ಸಭೆಯಲ್ಲಿ ಎದ್ದು ನಿಂತು ಮಾಡಿದ್ದನ್ನು ಹೇಳಿ ಕುಸಿದ. ಕಾನ್ರಾಡ್ ಹೋಗಿ ಅವನನ್ನು ಎತ್ತಿ ನಿಲ್ಲಿಸಿ, ಸಭೆಯವರು ಒಬ್ಬರಿಗೊಬ್ಬರು ಕೊಡುವ ಪವಿತ್ರ ಮುದ್ದು ಕೊಟ್ಟು, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದ: "ನನ್ನ ಮನೆ ನಿನ್ನನ್ನು ಕ್ಷಮಿಸಿದೆ."

ಆ ಮಾತು ಕಣಿವೆಯಲ್ಲಿ ಬೆಂಕಿಗಿಂತ ಬೇಗ ಹರಡಿತು. ಸಭೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಬೇರೆ ಪಂಥಗಳೆಲ್ಲ ಉತ್ತರದ್ದು, ದಕ್ಷಿಣದ್ದು ಎಂದು ಎರಡು ಹೋಳಾಗಿ ಕೂತಿದ್ದಾಗ ಇವರದೊಂದು ಒಡೆಯದೆ ಉಳಿಯಿತಲ್ಲ ಎಂದು ಜನ ಬೆರಗಾದರು. ನೀರಿನಲ್ಲಿ ಮೂರು ಸಲ ಮುಳುಗಿಸುತ್ತಾರೆಂದು ಇವರನ್ನು 'ಮುಳುಗುವವರು' ಎಂದು ಆಡಿಕೊಳ್ಳುತ್ತಿದ್ದವರೇ ಬಂದು ಹೊಳೆಗಿಳಿದರು. ಮೂರು ವರ್ಷದಲ್ಲಿ ಇನ್ನೂರಕ್ಕೆ ಮೇಲೆ ದೀಕ್ಷಾಸ್ನಾನ. ಟೋಬಿಯಾಸನನ್ನು ಸಭೆ ಒಕ್ಕೊರಲಿನಿಂದ ಸಭಾಸೇವಕನನ್ನಾಗಿ ಆರಿಸಿತು.

ಕತೆಯೂ ಬೆಳೆಯಿತು. ಮೊದಲ ವರ್ಷ ಅದರಲ್ಲಿ ಎನೋಸ್ ಸುಮ್ಮನೆ ಸಾಯುತ್ತಿದ್ದ. ಎರಡನೆಯ ವರ್ಷ ಅವನ ತುಟಿ ಅಲುಗಿತು. ಈಗ ಕಾನ್ರಾಡ್ ಹೇಳುವಾಗ ಹುಡುಗ ಸಾಯುವ ಮುಂಚೆ ಸ್ಪಷ್ಟವಾಗಿ, "ಟೋಬಿಯಾಸಣ್ಣನನ್ನು ಕ್ಷಮಿಸಿ ಅಂತ ಅಪ್ಪನಿಗೆ ಹೇಳಿ" ಎನ್ನುತ್ತಿದ್ದ. ಕಾನ್ರಾಡ್ ಸುಳ್ಳು ಹೇಳುವ ಮನುಷ್ಯನಲ್ಲ. ಎಷ್ಟೋ ಸಲ ಹೇಳಿ ಹೇಳಿ ಅವನಿಗೇ ಆ ದನಿ ಕೇಳಿಸುತ್ತಿತ್ತು. ಮಗನ ಜೊತೆ ಸೆರೆಯಲ್ಲಿದ್ದವನೊಬ್ಬ ಬರೆದ ಕಾಗದ ಹೆಂಡತಿ ಸಲೋಮಿಯ ಹೊಲಿಗೆ ಪೆಟ್ಟಿಗೆಯಲ್ಲಿತ್ತು. ಅದನ್ನು ಅವನು ಒಂದೇ ಸಲ ಓದಿದ್ದು.

ಆ ಶರತ್ಕಾಲ ಹೊಸ ಸಭಾಮನೆಯಲ್ಲಿ ಮೊದಲ ಪ್ರೀತಿಭೋಜನ. ಬೆಂಚಿನ ಒರಗು ಮಡಚಿದರೆ ಮೇಜಾಗುವ ಹಾಗೆ ಮಾಡಿದ ನೂರಿಪ್ಪತ್ತು ಅಡಿ ಉದ್ದದ ಮನೆ. ಒಬ್ಬರ ಪಾದ ಒಬ್ಬರು ತೊಳೆದು, ಒಂದೇ ಬಟ್ಟಲಲ್ಲಿ ರೊಟ್ಟಿ ಅದ್ದಿ ಉಂಡು, ಆಮೇಲೆ ಪವಿತ್ರ ರೊಟ್ಟಿ ಮುರಿಯುವ ಆ ಸಂಜೆಗೆ ನಾಲ್ಕು ರಾಜ್ಯದಿಂದ ಹಿರಿಯರು ಬರುವವರಿದ್ದರು. ಯುದ್ಧಕ್ಕೆ ಮುಂಚಿನಿಂದ ಉತ್ತರ ದಕ್ಷಿಣದವರು ಒಂದೇ ಮೇಜಿಗೆ ಕೂತಿರಲಿಲ್ಲ. ನಡೆಸಿಕೊಡಬೇಕಾದವನು ಕಾನ್ರಾಡ್. ಅರವತ್ತೆರಡು ವರ್ಷದ ಬದುಕು ಈ ಒಂದು ಸಂಜೆಗಾಗಿಯೇ ಸವೆದದ್ದು ಎಂದು ಅವನು ಯಾರಿಗೂ ಹೇಳಿರಲಿಲ್ಲ. ಹಾಗೆನ್ನುವುದು ಅಹಂಕಾರವಾಗುತ್ತಿತ್ತು.

ಭೋಜನಕ್ಕೆ ಮುಂಚೆ ಸಭಾಸೇವಕರು ಮನೆಮನೆಗೆ ಹೋಗಿ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಕೇಳುವುದು ತಲೆತಲಾಂತರದ ಪದ್ಧತಿ. ಮೂರಕ್ಕೂ ಹೌದು ಎನ್ನುವುದೂ ಅಷ್ಟೇ ಹಳೆಯ ಪದ್ಧತಿ. ಯುದ್ಧದ ಮೇಲೆ ಕಾನ್ರಾಡನೇ ಹಟ ಹಿಡಿದು ಒಂದು ಕಟ್ಟಳೆ ಮಾಡಿಸಿದ್ದ. ಬಾಯಿಮಾತಿಗೆ ಹೌದು ಅನ್ನಕೂಡದು. ಮನಸ್ಸಿನಲ್ಲಿ ಸಮಾಧಾನವಿಲ್ಲದವರು, ಯಾರ ಮೇಲೆ ಅವರಿಗೆ ಅಸಮಾಧಾನವೋ ಅವರೂ, ಯಾರೇ ಆಗಲಿ, ಮೇಜಿಗೆ ಕೂರಕೂಡದು.

ಭೋಜನಕ್ಕೆ ಒಂಬತ್ತು ದಿನ ಇರುವಾಗ ಹಿರಿಯನ ಮನೆಯ ಸರದಿ ಬಂತು. ಬಂದವರು ಮುದುಕ ಮಾರ್ಟಿನ್ ಜರ್ಕಲ್ ಮತ್ತು ಟೋಬಿಯಾಸ್. ಅಡಿಗೆಮನೆಯಲ್ಲಿ ಸಲೋಮಿ ಒಣಗಿಸಲೆಂದು ಸೇಬು ಹೆಚ್ಚುತ್ತಿದ್ದಳು. ಮಾರ್ಟಿನ್ ಕಾಫಿ ಎರಡು ಗುಟುಕು ಕುಡಿದು, ಸಭೆಯವರ ಮನೆಮಾತಾದ ಜರ್ಮನ್‌ನಲ್ಲಿ, ದನ ಮಾರುವವನ ರಾಗದಲ್ಲಿ ಶುರುಮಾಡಿದ.

"ಕಾನ್ರಾಡಣ್ಣ, ಹೊಳೇಲಿ ಒಪ್ಕೊಂಡ ನಂಬಿಕೇಲಿ ಇನ್ನೂ ಇದೀರಾ?"

"ಇದೀನಿ."

"ನಿಮಗೆ ತಿಳಿದ ಮಟ್ಟಿಗೆ ಸಭೆಯ ಎಲ್ಲರ ಜೊತೆ ಸಮಾಧಾನವಾಗಿ ಇದೀರಾ?"

"ಇದೀನಿ."

"ಪರಿಶುದ್ಧ ಬಾಳಿಗೆ ಇನ್ನೂ ಹೆಣಗ್ತೀರಾ?"

"ದೇವರು ಶಕ್ತಿ ಕೊಟ್ಟಷ್ಟು."

ಮಾರ್ಟಿನ್ ಕೂತಲ್ಲೇ ಸಲೋಮಿಯ ಕಡೆ ತಿರುಗಿದ. ಮೊದಲನೆಯದಕ್ಕೆ ಅವಳು ಚಾಕು ನಿಲ್ಲಿಸದೆ "ಇದೀನಿ" ಅಂದಳು. ಎರಡನೆಯದು ಕೇಳಿದ. ಚಾಕು ನಿಂತಿತು.

"ಇಲ್ಲ."

ಮಾರ್ಟಿನ್ ತಲೆಯಾಡಿಸಿ ಮೂರನೆಯದನ್ನು ಅರ್ಧ ಕೇಳಿಯೇಬಿಟ್ಟಿದ್ದ. ಮೂವತ್ತು ವರ್ಷದ ರೂಢಿ.

"ಏನಂದ್ರಿ ಸಲೋಮಕ್ಕ?"

"ಇಲ್ಲ ಅಂದೆ."

"ಇಲ್ಲ ಅಂದ್ರೆ... ಇಲ್ಲ ಅಂತಾನಾ?"

"ನಿನಗೆ ಜರ್ಮನ್ ಸಾಲ್ದು ಅಂದ್ರೆ ಇಂಗ್ಲಿಷಲ್ಲೂ ಹೇಳ್ತೀನಿ ಮಾರ್ಟಿನ್."

"ಅಲ್ಲಕ್ಕ, ಇಲ್ಲ ಅಂದ್ರೆ ಮುಂದೇನು ಕೇಳ್ಬೇಕು ಅಂತ ನಮಗೆ ಯಾರೂ ಹೇಳ್ಕೊಟ್ಟಿಲ್ವಲ್ಲ!"

ಟೋಬಿಯಾಸ್ ಟೊಪ್ಪಿಗೆ ಎತ್ತಿಕೊಂಡು ಎದ್ದ. "ನಾನು ಹೊರಗಡೆ ಇರ್ತೀನಿ ಅಕ್ಕ. ನಾನು ಈ ಮನೆಗೆ ಬರ್ಲೇಬಾರದಿತ್ತು."

"ಕೂತ್ಕೊ ಟೋಬಿ. ಕಾಫಿ ಆರುತ್ತೆ. ನಿನ್ನ ಜೊತೆ ನನಗೇನೂ ಇಲ್ಲ."

"ಮತ್ತೆ ಯಾರ ಜೊತೆ?" ಎಂದ ಮಾರ್ಟಿನ್.

ಸಲೋಮಿ ಚಾಕುವಿನ ತುದಿಯಿಂದ ಗಂಡನನ್ನು ತೋರಿಸಿದಳು. "ಇವನ ಜೊತೆ."

ಕಾನ್ರಾಡ್ ನಕ್ಕ. ಸಭೆಯಲ್ಲಿ ಇಂಥ ಗಂಡ ಹೆಂಡಿರನ್ನು ಅವನು ಬೇಕಾದಷ್ಟು ಕಂಡಿದ್ದ. "ಏನಪ್ಪಾ ಅಂದ್ರೆ, ನಾನು ಮನೇಲಿರಲ್ಲ ಅಂತ ಇವಳಿಗೆ ಬೇಜಾರು."

"ನೀನು ಮನೇಲಿಲ್ಲದ ದಿನ ನನಗೆ ಬೇಕಾದಷ್ಟು ಸಮಾಧಾನ ಇರುತ್ತೆ" ಎಂದಳು ಸಲೋಮಿ. ಮಾರ್ಟಿನ್‌ಗೆ ಕಾಫಿ ನೆತ್ತಿಗೇರಿತು. ಅವಳು ನಗಲಿಲ್ಲ. "ಅವತ್ತು ಸಭೇಲಿ 'ನನ್ನ ಮನೆ ಕ್ಷಮಿಸಿದೆ' ಅಂದೆ. ಮನೇಲಿ ಯಾರಿದ್ರು? ನಾನೊಬ್ಬಳು. ನನ್ನ ಕೇಳಿದ್ಯಾ? ನಿನ್ನ ಕ್ಷಮೆ ನಿನ್ನದು, ಯಾರಿಗೆ ಬೇಕಾದ್ರೂ ಕೊಡು. ನನ್ನದು ಇನ್ನೂ ನನ್ನ ಕೈಗೇ ಬಂದಿರಲಿಲ್ಲ, ನೀನು ತಗೊಂಡು ಹೋಗಿ ಕೊಟ್ಟುಬಿಟ್ಟೆ."

"ಹಾಗಾದ್ರೆ ಟೋಬಿಯನ್ನ ನೀನು..."

"ಟೋಬಿ ಮೂರು ಚಳಿಗಾಲದಿಂದ ನನಗೆ ಸೌದೆ ಒಡೆದು ಹಾಕ್ತಾ ಇದಾನೆ. ಒಂದು ಮಾತಾಡಲ್ಲ. ಒಡೀತಾನೆ, ಜೋಡಿಸ್ತಾನೆ, ಹೋಗ್ತಾನೆ. ಹೋದ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಒಂದಿನ ಕರೆದು ರೊಟ್ಟಿ ಕೊಟ್ಟೆ. ಅವತ್ತಿಗೆ ಆಯ್ತು ನಮ್ಮಿಬ್ಬರದು."

ಸೌದೆ ಯಾರು ಒಡೆಯುತ್ತಾರೆಂದು ಕಾನ್ರಾಡ್ ಇಷ್ಟು ದಿನ ಕೇಳಿಯೇ ಇರಲಿಲ್ಲ. ರಾಶಿ ಇರುತ್ತಿತ್ತು.

ಮರುದಿನ ಮಧ್ಯಾಹ್ನ ಅವನು ಬೇರೆಯವರ ಮನೆಯಲ್ಲಿ ಮಾಡುವುದನ್ನೇ ಮಾಡಿದ. ಸಲೋಮಿಯನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಕೂತು, ಬೈಬಲ್ ತೆರೆದ.

"ಹದಿನೆಂಟನೇದು ತಾನೆ?" ಎಂದಳು ಸಲೋಮಿ. "ನನಗೆ ಬಾಯಿಪಾಠ. ಮುಂದಕ್ಕೆ ಹೋಗು."

ಪುಸ್ತಕ ಮುಚ್ಚಿದ. ಇಲ್ಲಿಂದ ಮುಂದೆ ನಾಲಿಗೆಗೆ ಗೊತ್ತಿದ್ದ ದಾರಿ ಒಂದೇ. ಗಂಟಲು ಸರಿಮಾಡಿಕೊಂಡ. "ನನಗೂ ಒಬ್ಬ ಮಗನಿದ್ದ..."

"ನನಗೂ ಇದ್ದ" ಎಂದಳು ಸಲೋಮಿ.

ಕಾನ್ರಾಡ್ ಬೈಬಲನ್ನು ಬದಿಗಿಟ್ಟ. "ಸರಿ ಸಲೋಮಿ. ತಪ್ಪಾಯ್ತು. ಕ್ಷಮಿಸು" ಅಂದ.

"ಯಾವತ್ತಿನ ಒಳಗೆ?"

"ಭೋಜನ ಮುಂದಿನ ಶನಿವಾರ..."

"ಅಷ್ಟರೊಳಗೆ ಆಗಲ್ಲ" ಎಂದಳು ಅವಳು, ರೊಟ್ಟಿ ಇನ್ನೂ ಬೆಂದಿಲ್ಲ ಎನ್ನುವ ದನಿಯಲ್ಲಿ. ಎದ್ದು ಹೋಗಿ ಸೇಬಿನ ಹೋಳು ಬಿಸಿಲಿಗೆ ಹರಡಿದಳು.

ಮಾರ್ಟಿನ್ ದಾರಿಯಲ್ಲಿ ಸಿಕ್ಕಿ ಉಪಾಯ ಹೇಳಿದ. "ಕಾನ್ರಾಡಣ್ಣ, ನನ್ನ ಬಲಗಿವಿ ಕೇಳಲ್ಲ ಅನ್ನೋದು ಊರಿಗೇ ಗೊತ್ತು. ಸಲೋಮಕ್ಕ ಬಲಗಡೇನೇ ಕೂತಿದ್ರು. ಏನಂತೀರಿ?"

ಕಾನ್ರಾಡ್ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ನಾಲ್ಕು ರಾಜ್ಯದ ಹಿರಿಯರು, ಗಾಯ ಮಾಯುತ್ತಿರುವ ಒಂದು ಪಂಥ, ಇನ್ನೂರು ಹೊಸಬರು. ಇದೆಲ್ಲ ಒಂದು ತಕ್ಕಡಿಯಲ್ಲಿ, ಅಡಿಗೆಮನೆಯ ಮಾತೊಂದು ಇನ್ನೊಂದರಲ್ಲಿ. ಅವನು "ಮಳೆ ಬರೋ ಹಾಗಿದೆ" ಎಂದು ಕುದುರೆ ಹೊಡೆದ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

ಗುರುವಾರ ಸಭೆ ಸೇರಿ ಸಭಾಸೇವಕರ ವರದಿ ಕೇಳಿತು. ಮಾರ್ಟಿನ್ ಎದ್ದು, "ಎಲ್ಲಾ ಮನೆಗೂ ಹೋಗಿ ಬಂದ್ವಿ. ಎಲ್ಲಾ ಸಮಾಧಾನ... ಒಟ್ಟಿನ ಮೇಲೆ" ಎಂದು ಬೇಗ ಕೂತುಬಿಟ್ಟ. ಕಾನ್ರಾಡ್ ತನ್ನ ಬೂಟು ನೋಡುತ್ತಿದ್ದ. ಆಗ ಟೋಬಿಯಾಸ್ ಎದ್ದ. ಅವನು ಸಭೆಯಲ್ಲಿ ಬಾಯಿ ತೆರೆದು ಮೂರು ವರ್ಷವಾಗಿತ್ತು.

"ಒಂದು ಮನೇಲಿ ಇಲ್ಲ ಅಂದ್ರು" ಎಂದ. "ಯಾವ ಮನೆ ಅಂತ ನಾನು ಬೆರಳು ತೋರಿಸಿ ಹೇಳಲಾರೆ. ಆ ಮನೆ ಕಡೆ ನಾನು ಹಿಂದೆ ಒಂದ್ಸಲ ಬೆರಳು ತೋರಿಸಿದೀನಿ. ಅವತ್ತು ಹೆದರಿ ತೋರಿಸಿದೆ. ಇವತ್ತು ಹೆದರಿ ಸುಮ್ನೆ ಕೂತ್ರೆ ಅದೂ ಒಂದೇ, ಇದೂ ಒಂದೇ."

ಯಾವ ಮನೆಯೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಹೆಂಗಸರ ಬದಿಯಲ್ಲಿ ಎಲ್ಲ ಬಿಳಿಯ ತಲೆಬಟ್ಟೆಗಳೂ ಒಂದು ಕಡೆ ತಿರುಗಿದವು. ಸಲೋಮಿ ನೆಟ್ಟಗೆ ಕೂತಿದ್ದಳು.

ಕಟ್ಟಳೆಯನ್ನು ಗಟ್ಟಿಯಾಗಿ ಓದಿ ಎಂದು ಯಾರೋ ಅಂದರು. ಬರೆದದ್ದು ಕಾನ್ರಾಡನ ಅಕ್ಷರದಲ್ಲೇ ಇದ್ದದ್ದರಿಂದ ಅವನೇ ಓದಬೇಕಾಯಿತು. 'ಯಾರೇ ಆಗಲಿ' ಎಂಬಲ್ಲಿ ಅಡಿಗೆರೆ ಎಳೆದಿತ್ತು. ಅದನ್ನು ಎಳೆದಾಗ ಮನಸ್ಸಿನಲ್ಲಿ ಇದ್ದ ಮುಖಗಳೆಲ್ಲ ಈಗ ಎದುರಿಗೆ ಕೂತು ಅವನನ್ನೇ ನೋಡುತ್ತಿದ್ದವು.

ಶುಕ್ರವಾರ ಓಹಾಯೋದ ಹಿರಿಯ ಅಮೋಸ್ ಬ್ರೂಬೇಕರ್ ಬಂಡಿಯಿಂದ ಇಳಿದ. ಅವನೇ ಸಭೆಯ ಪತ್ರಿಕೆಗೆ ಬರೆಯುವವನು. ಕಾನ್ರಾಡನ ಕ್ಷಮೆಯ ಕತೆಯನ್ನು ಊರೂರಿಗೆ ತಲುಪಿಸಿದವನು. ಎರಡೂ ಕೈ ಚಾಚಿ ಪವಿತ್ರ ಮುದ್ದಿಗೆಂದು ಮುಂದೆ ಬಾಗಿದ. ಕಾನ್ರಾಡ್ ಒಂದು ಹೆಜ್ಜೆ ಹಿಂದೆ ಸರಿದು ಕೈ ಮಾತ್ರ ಕೊಟ್ಟ. ಅಮೋಸನ ತುಟಿ ಗಾಳಿಯಲ್ಲೇ ಉಳಿಯಿತು.

"ಏನಣ್ಣ, ನಾನೇನು ಕುದುರೆ ವ್ಯಾಪಾರಿನಾ, ಕೈ ಕುಲುಕ್ತಾ ಇದೀರಿ?"

"ನಾನು ನಾಳೆ ಮೇಜಿಗೆ ಕೂರೋ ಹಾಗಿಲ್ಲ ಅಮೋಸ್. ನೀವು ನಡೆಸಿಕೊಡಿ" ಎಂದು ಕಾನ್ರಾಡ್ ಕಾರಣ ಹೇಳಿದ. ಅಮೋಸನ ಕಣ್ಣುಗಳು ನಿಧಾನವಾಗಿ ಅರಳಿದವು. ಆ ಅರಳುವಿಕೆ ಕಾನ್ರಾಡ್‌ಗೆ ಗೊತ್ತಿತ್ತು. ಒಳ್ಳೆಯ ಬರಹ ಸಿಕ್ಕಾಗ ಅಮೋಸನ ಕಣ್ಣು ಹಾಗಾಗುತ್ತಿತ್ತು.

ಶನಿವಾರ ಬಿಸಿಲು ಇಳಿಯುವ ಹೊತ್ತಿಗೆ ಅಂಗಳ ಬಂಡಿಗಳಿಂದ ತುಂಬಿತು. ನೋಡಲು ಬಂದ ಹೊರಗಿನವರು ಕಿಟಕಿಗೆ ಮುತ್ತಿ, ಹೊಗೆಸೊಪ್ಪು ಅಗಿಯುತ್ತಾ ನಿಂತರು. ಒಳಗೆ ನಾಲ್ಕು ರಾಜ್ಯದ ಗಡ್ಡಗಳು ಸಾಲಾಗಿ ಕೂತವು. ಹಿತ್ತಲಲ್ಲಿ ಮೂರು ದೊಡ್ಡ ಹಂಡೆಯಲ್ಲಿ ಕುರಿಮಾಂಸದ ಸಾರು ಕುದಿಯುತ್ತಿತ್ತು. ಸಾರು ನೋಡಿಕೊಳ್ಳುವವರಿಗೆ ಒಂದು ತೊಂದರೆ ಇತ್ತು: ಎಲ್ಲರೂ ಪಾದ ತೊಳೆಯುವ ವಿಧಿಗೆ ಒಳಗೆ ಹೋಗಬೇಕು, ಸಾರು ತಳ ಹಿಡಿಯಕೂಡದು. ಈ ಸಲ ತೊಂದರೆ ತಾನಾಗಿ ಬಗೆಹರಿದಿತ್ತು. ಸಮಾಧಾನವಿಲ್ಲ ಎಂದವಳಿಗೂ ಒಳಗೆ ಜಾಗವಿರಲಿಲ್ಲ, ಯಾರ ಜೊತೆ ಸಮಾಧಾನವಿಲ್ಲವೋ ಅವನಿಗೂ ಇರಲಿಲ್ಲ. ಸಭೆಯ ಇನ್ನೂರೈವತ್ತು ಜನ ಒಳಗೆ. ಹಿರಿಯ ಮತ್ತು ಅವನ ಹೆಂಡತಿ ಹಂಡೆಯ ಹತ್ತಿರ.

ಒಳಗಿನಿಂದ ಹಾಡು ಬಂತು. ಎಂಟು ವರ್ಷದ ಮೇಲೆ ಉತ್ತರ ದಕ್ಷಿಣದ ದನಿಗಳು ಒಂದಾಗಿದ್ದವು. ಕಾನ್ರಾಡ್ ಮುಖ ಎತ್ತಿ ಕೇಳಿದ.

"ಸೌದೆ ಹಾಕು" ಎಂದಳು ಸಲೋಮಿ.

ಹಾಕಿದ. ಕಿಟಕಿಯಲ್ಲಿ ಟೋಬಿಯಾಸ್ ಮೊಣಕಾಲೂರಿ ಯಾರದೋ ಪಾದ ಒರೆಸುವುದು ಕಾಣುತ್ತಿತ್ತು. ಬೇಲಿಯ ಮೇಲೆ ಒಂದು ಬಕೀಟು ನೀರು, ಒಂದು ಟವಲು ಇದ್ದವು. ಕಾನ್ರಾಡನ ಕಣ್ಣು ಅದರ ಮೇಲೆ ಹೋಯಿತು, ಆಮೇಲೆ ಹೆಂಡತಿಯ ಬೂಟಿನ ಮೇಲೆ. ಮನಸ್ಸು ಆಗಲೇ ಒಂದು ದೊಡ್ಡ ದೃಶ್ಯ ಕಟ್ಟುತ್ತಿತ್ತು.

"ನನ್ನ ಪಾದ ಚೆನ್ನಾಗೇ ಇದೆ" ಎಂದಳು ಸಲೋಮಿ ಸಾರು ಕಲಕುತ್ತಲೇ. "ನೀನು ಬಗ್ಗಬೇಡ, ಸೊಂಟ ಹಿಡ್ಕೊಳ್ಳುತ್ತೆ."

ಕಾನ್ರಾಡ್ ಸೌದೆಯ ಮೇಲೆ ಕೂತ. ಹಂಡೆಯ ಆವಿಯಲ್ಲಿ ಅವಳ ಮುಖ ಕಾಣುತ್ತಿತ್ತು, ಮರೆಯಾಗುತ್ತಿತ್ತು.

"ಸೆರೆಮನೆಯಿಂದ ಬಂದ ಕಾಗದ ನೆನಪಿದೆಯಾ ನಿನಗೆ?" ಎಂದು ಕೇಳಿದಳು.

"ಇದೆ."

"ನಮ್ಮ ಹುಡುಗ ಕಡೇಲಿ ಏನಂದ ಅಂತ ಬರೆದಿತ್ತು?"

ಟೋಬಿಯಾಸಣ್ಣನನ್ನು ಕ್ಷಮಿಸಿ ಎಂಬ ಮಾತು ಅವನ ತುಟಿಯವರೆಗೆ ಬಂತು. ಮೂರು ವರ್ಷ ಸುಲಭವಾಗಿ ಬಂದ ಮಾತು. ಅದನ್ನು ಅವಳ ಎದುರಿಗೆ ಹೇಳಲು ಆಗಲಿಲ್ಲ. ಅದರ ಹಿಂದೆ ಏನಿತ್ತೆಂದು ಹುಡುಕಬೇಕಾಯಿತು. ಎಷ್ಟೋ ಊರು, ಎಷ್ಟೋ ಬೆಂಚು, ಎಷ್ಟೋ ಅಳು ಸರಿಸಿ ಹಿಂದಕ್ಕೆ ಹೋಗಬೇಕಾಯಿತು. ಪೆನ್ಸಿಲ್ಲಿನ ಅಕ್ಷರ. ಮಡಿಕೆಯಲ್ಲಿ ಹರಿದ ಕಾಗದ.

"ಮಜ್ಜಿಗೆ" ಎಂದ ಕಾನ್ರಾಡ್.

ಸಲೋಮಿ ಕಲಕುವುದನ್ನು ನಿಲ್ಲಿಸಿದಳು.

"ಮಜ್ಜಿಗೆ ಕೇಳಿದ. ಒರತೆಮನೇದು. ತಣ್ಣಗಿರೋದು."

"ಎರಡು ದಿನ ಕೇಳಿದ" ಎಂದಳು ಅವಳು. "ಅವರಿಗೆ ಕೊಡೋಕೆ ಇರಲಿಲ್ಲ. ಆ ಮಜ್ಜಿಗೆ ಕಡೆದವಳು ನಾನು. ಅವನು ಕಡೇಗೆ ಕೇಳಿದ್ದು ನನ್ನ. ನೀನು ಅದನ್ನ ತೆಗೆದು ಅವನ ಬಾಯಿಗೆ ನಿನ್ನ ಉಪದೇಶ ಹಾಕಿದೆ. ಜನ ಬಂದು 'ಎಂಥಾ ಮಗನ್ನ ಹೆತ್ರಿ ತಾಯಿ' ಅಂತ ನನ್ನ ಕೈ ಹಿಡ್ಕೊಳ್ತಾರೆ. ಯಾರ ಮಗನ್ನ ಅಂತ ಕೇಳೋಣ ಅನ್ಸುತ್ತೆ."

ಹೇಳಲು ಕಾನ್ರಾಡನ ಹತ್ತಿರ ಇದ್ದದ್ದೆಲ್ಲ ಸಭೆಯಲ್ಲಿ ಹೇಳುವಂಥದು. ಬೆಂಕಿಗೆ ಇನ್ನೊಂದು ತುಂಡು ಇಟ್ಟ. "ಅಟ್ಟದಿಂದ ಇಳಿದು ಬಂದು ಕದ್ದು ಕುಡೀತಿದ್ದ" ಅಂದ. "ಮೀಸೆ ಮೇಲೆಲ್ಲ ಇರ್ತಿತ್ತು. ಮೀಸೆ ಸಿಪಾಯಿಗಳಿಗೆ, ಬೋಳಿಸ್ಕೊ, ಸಭೆಯವರು ನೋಡಿದ್ರೆ ಏನಂತಾರೆ ಅಂತ ನಾನು ಬೈತಿದ್ದೆ."

"ಹೂಂ. ಬೈತಿದ್ದೆ" ಎಂದಳು ಸಲೋಮಿ. ಅವಳ ದನಿ ಬೇರೆಯಾಗಿತ್ತು. ಅವಳೂ ಸೌದೆಯ ಮೇಲೆ, ಒಂದು ಮೊಳ ದೂರದಲ್ಲಿ, ಕೂತಳು.

ಪಾದ ತೊಳೆಯುವುದು ಮುಗಿದು, ಸಾರು ಒಯ್ಯಲು ಟೋಬಿಯಾಸನೂ ಮಾರ್ಟಿನನೂ ಬಂದರು. ಹಿಂದೆಯೇ ಅಮೋಸ್ ಬ್ರೂಬೇಕರ್, ಕೈಯಲ್ಲಿ ಪೆನ್ಸಿಲು ಹಿಡಿದು. ಅವನ ಮುಖ ಹೊಳೆಯುತ್ತಿತ್ತು.

"ಕಾನ್ರಾಡಣ್ಣ! ಒಳಗೆ ಒಂದು ಕಣ್ಣೂ ಒಣಗಿಲ್ಲ. ಇಂಥ ದೊಡ್ಡ ಹಿರಿಯ ತಾನೇ ಮಾಡಿದ ಕಟ್ಟಳೆಗೆ ತಲೆಬಾಗಿ ಹಂಡೆ ಕಾಯ್ತಾ ಇದಾರೆ ಅಂತ ಎರಡು ಮಾತು ಹೇಳಿದೆ ಅಷ್ಟೆ, ಹೊರಗೆ ನಿಂತಿದ್ದವರಲ್ಲಿ ಹನ್ನೊಂದು ಜನ ದೀಕ್ಷಾಸ್ನಾನ ಬೇಕು ಅಂತಿದಾರೆ! ನೀವು ಒಳಗಿದ್ದಿದ್ರೆ ಇಷ್ಟಾಗ್ತಿರಲಿಲ್ಲ. ಇದನ್ನ ನಾನು ಬರೀಲೇಬೇಕು. ಎನೋಸನ ಕಡೇ ಮಾತಿನಿಂದ ಶುರುಮಾಡ್ತೀನಿ."

ಕಾನ್ರಾಡ್ ಜೀವಮಾನದಲ್ಲಿ ಮೊದಲ ಸಲ ಉತ್ತರ ಕೊಡುವ ಮುಂಚೆ ಹೆಂಡತಿಯ ಕಡೆ ತಿರುಗಿದ.

"ಬರೀಬಹುದಾ ಸಲೋಮಿ?"

ಸಲೋಮಿ ಕೈ ಒರೆಸಿಕೊಂಡಳು. ಆತುರಪಡಲಿಲ್ಲ. ನಾಲ್ವರು ಗಂಡಸರು ಸಾರು ಆರಲು ಬಿಟ್ಟು ಕಾದರು.

"ಬರೀಲಿ" ಎಂದಳು. "ಕಡೇ ಮಾತು ಏನು ಅಂತ ನೀನೇ ಹೇಳು."

"ಮಜ್ಜಿಗೆ ಕೇಳಿದ" ಎಂದ ಕಾನ್ರಾಡ್.

ಅಮೋಸನ ಪೆನ್ಸಿಲು ಕಾಗದದ ಮೇಲೆ ನಿಂತಿತು. "ಮಜ್ಜಿಗೇನಾ? ಆಮೇಲೆ?"

"ಆಮೇಲೆ ಸತ್ತ."

"ಅಲ್ಲಣ್ಣ, ಕ್ಷಮೆ ವಿಷಯ ಏನೋ..."

"ಅದು ನಾನು ಸೇರಿಸಿದ್ದು."

ಟೋಬಿಯಾಸ್ ಹಂಡೆಯ ಹಿಡಿ ಬಿಟ್ಟ. ಬಾಗಿಸಿದ ತಲೆ ಎತ್ತದೆ, "ನನಗೆ ಗೊತ್ತಿತ್ತಣ್ಣ" ಎಂದ. "ಸಲೋಮಕ್ಕ ರೊಟ್ಟಿ ಕೊಟ್ಟ ದಿನ ಕಾಗದ ತೋರಿಸಿದ್ರು. ನೀವು ಹೇಳೋವಾಗ ಸುಮ್ನೆ ಕೇಳ್ತಿದ್ದೆ. ಕೇಳೋಕೆ ಚೆನ್ನಾಗಿತ್ತಲ್ಲ."

ಅಮೋಸ್ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿದ. "ಮಜ್ಜಿಗೆ ಅಂತ ಹಾಕಿದ್ರೆ ಓದೋರಿಗೆ ಹಿಡಿಸುತ್ತೋ ಇಲ್ವೋ" ಎಂದು ಗೊಣಗುತ್ತಾ ಒಳಗೆ ಹೋದ. ಮಾರ್ಟಿನ್ ಒಂದು ಹಂಡೆಯ ಕಡೆ ಬಾಗಿ, ಎಡಗಿವಿಯನ್ನು ಸಲೋಮಿಯ ಕಡೆ ತಿರುಗಿಸಿದ.

"ಸಲೋಮಕ್ಕ, ಈಗ ಇನ್ನೊಂದ್ಸಲ ಕೇಳ್ಲಾ? ಹೌದು ಅಂದ್ರೆ ಇಬ್ರೂ ಒಳಗೆ ಬರಬಹುದು. ಬಿಸಿ ಇರೋವಾಗ್ಲೇ ಉಣ್ಣಬಹುದು."

"ಮುಂದಿನ ವರ್ಷ ಬಂದು ಕೇಳು ಮಾರ್ಟಿನ್."

"ಒಂದು ವರ್ಷಾನಾ!"

"ಟೋಬಿಗೆ ಮೂರು ಚಳಿಗಾಲ ಹಿಡೀತು" ಎಂದು ಸಲೋಮಿ ಗಂಡನ ಕಡೆ ನೋಡಿದಳು. "ಇವನಿಗೆ ಸೌದೆ ಒಡೆಯೋಕೆ ಬರುತ್ತೋ ಇಲ್ವೋ, ನೋಡ್ಬೇಕು."

ಹಂಡೆಗಳು ಒಳಗೆ ಹೋದವು. ಕಾನ್ರಾಡ್ ಎದ್ದು ಹೋಗಿ, ಬಂಡಿಯ ಹಿಂದೆ ಬಿದ್ದಿದ್ದ ಕೊಡಲಿ ತೆಗೆದು, ಅದರ ಬಾಯಿಯ ಮೇಲೆ ಹೆಬ್ಬೆರಳು ಎಳೆದು ನೋಡಿದ. ಮೊಂಡಾಗಿತ್ತು.